ರಾಜಿಯಾದವರು ಕೊನೆಗೆ

ಜನವರಿಯ ಆ ಮಂಗಳವಾರ ಮಧ್ಯಾಹ್ನವಾಗುವ ಮೊದಲೇ ಕೆಲಸ ಮೂರು ಸಲ ಸತ್ತಿತ್ತು. ಮೂರು ಸಲವೂ ಪರದೆಯ ಮೇಲೆ ಉಳಿದದ್ದು ಒಂದೇ ಮಾತು: ಕೊಲ್ಲಲಾಯಿತು.

"ಯಾರನ್ನಂತೆ?" ಎಂದಳು ತುಯಿರೆ. ಪಕ್ಕದ ಮೇಜಿನಿಂದ ಕತ್ತು ಚಾಚಿ ನೋಡುತ್ತಿದ್ದಳು. ಬಾಯಲ್ಲಿ ಏಲಕ್ಕಿ ಬನ್ನಿತ್ತು.

"ನಾನು ಹಚ್ಚಿದ ಕೆಲಸಾನ."

"ಕೊಂದೋರು ಯಾರು?"

"ಯಂತ್ರಾನೇ."

"ನಮ್ಮೂರ ಗಂಡಸರ ಥರಾನೇ ಆಯ್ತು ಬಿಡು. ಕೊಲ್ತಾರೆ, ಯಾಕೆ ಅಂತ ಮಾತ್ರ ಬಾಯಿ ಬಿಡಲ್ಲ."

ಎಲ್ಯಾಸ್ ನಗಲಿಲ್ಲ. ತಾನಾಡಿದ್ದು ಯಾರ ಮುಂದೆ ಎಂಬುದು ತುಯಿರೆಗೆ ಒಂದು ಗಳಿಗೆ ತಡವಾಗಿ ಹೊಳೆಯಿತು. ಅವಳು ಉಳಿದ ಬನ್ನನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟಳು.

ಉತ್ತರದ ಹಿಮನಾಡಿನ ಊರು. ನದಿಯಾಚೆಗೊಂದು ಮರದ ಗಿರಣಿ, ಈಚೆಗೆ ಒಂದು ಅಗ್ನಿಶಾಮಕ ಠಾಣೆ. ಆ ಠಾಣೆಯ ಮೇಲಂತಸ್ತಿನಲ್ಲಿ ಜಿಲ್ಲೆಯ ತುರ್ತು ಕರೆಗಳ ಕೋಣೆ. ಎಲ್ಯಾಸ್ ಇಪ್ಪತ್ತೇಳು ವರ್ಷದಿಂದ ಅಲ್ಲಿನ ದಾಖಲೆ ಕಾಯುತ್ತಿದ್ದ. ಅರವತ್ತಾರು ವಯಸ್ಸು, ಉದ್ದನೆಯ ಮೂಳೆಯ ಆಳು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ. ಪ್ರಾರ್ಥನಾಮನೆಯ ಜನರನ್ನು, ಆ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದವರನ್ನು, ಆ ಊರಲ್ಲಿ ಗುಂಡಿ ನೋಡಿಯೇ ಗುರುತು ಹಿಡಿಯುತ್ತಿದ್ದರು.

ಅವನು ಕಾಯುತ್ತಿದ್ದುದು ಪೆಟ್ಟಿನ ದಾಖಲೆ. ಜಿಲ್ಲೆಯಲ್ಲಿ ಗಂಡನ ಕೈಯಿಂದಲೋ ಬಿಟ್ಟ ಗಂಡನ ಕೈಯಿಂದಲೋ ಪೆಟ್ಟು ತಿಂದು, ಮುಂದೆಯೂ ತಿನ್ನಬಹುದಾದ ಹೆಂಗಸರಿಗೆ ಕತ್ತಿಗೆ ಕಟ್ಟಿಕೊಳ್ಳುವ ಒಂದು ಗುಂಡಿಯನ್ನು ಕೊಡುತ್ತಿದ್ದರು. ಗೋಡೆಗೊಂದು ಪುಟ್ಟ ಪೆಟ್ಟಿಗೆ. ಗುಂಡಿ ಒತ್ತಿದರೆ ಪೆಟ್ಟಿಗೆಯ ಕಿವಿ ತೆರೆದು ಮನೆಯೊಳಗಿನ ಸದ್ದು, ಕರೆ ತೆಗೆದುಕೊಳ್ಳುವ ತುಯಿರೆಯ ಮೇಜಿಗೆ ಕೇಳುತ್ತಿತ್ತು. ಆದರೆ ಗುಂಡಿಯಿಂದ ಬರುವುದು ಬರೀ ಒಂದು ಸಂಖ್ಯೆ. ಆ ಸಂಖ್ಯೆಗೆ ಹೆಸರು, ಮನೆ, ಬಾಗಿಲು, ಹೊಡೆಯುವವನ ಮುಖ ಅಂಟಿಸುವುದು ಎಲ್ಯಾಸನ ದಾಖಲೆ. ಅದಿಲ್ಲದಿದ್ದರೆ ಕತ್ತಲೆಯಲ್ಲಿ ಕೂಗು ಕೇಳಿದ ಹಾಗೆ. ಯಾವ ದಿಕ್ಕಿನದು ಎಂದು ದೇವರೇ ಹೇಳಬೇಕು.

ಆ ದಾಖಲೆಯನ್ನು ಅಂದು ರಾಜಧಾನಿಯ ಹೊಸ ಯಂತ್ರಕ್ಕೆ ಸಾಗಿಸಬೇಕಿತ್ತು. ಹಳೆಯದನ್ನು ಬೆಳಿಗ್ಗೆ ಹತ್ತಕ್ಕೆ ಬಿಚ್ಚಿದರು. ತಂತಿಗಳೆಲ್ಲ ಹೊಸದಕ್ಕೆ ತಿರುಗಿದವು. ತುಂಬಿಸುವ ಕೆಲಸ ಇಪ್ಪತ್ತು ನಿಮಿಷದ್ದು. ಶರತ್ಕಾಲದಲ್ಲಿ ಒಮ್ಮೆ ಮಾಡಿ ನೋಡಿದಾಗ ಹದಿನೆಂಟೇ ನಿಮಿಷಕ್ಕೆ ಮುಗಿದಿತ್ತು.

ಈಗ ಹನ್ನೆರಡು ಹೊಡೆಯುತ್ತಿತ್ತು. ಹೊಸ ಯಂತ್ರದಲ್ಲಿ ಒಂದು ಹೆಸರೂ ಇರಲಿಲ್ಲ. ಅರ್ಧ ದಾಖಲೆ ಅಪಾಯ ಎಂದು ಎಲ್ಯಾಸನೇ ಹಾಗೆ ಕಟ್ಟಿದ್ದ: ಎಲ್ಲ ಸಾಲುಗಳೂ ಒಟ್ಟಿಗೆ ಒಳಹೋಗಬೇಕು, ಇಲ್ಲವಾದರೆ ಒಂದೂ ಇಲ್ಲ. ಮುಕ್ಕಾಲು ದಾರಿಯಲ್ಲಿ ಕೆಲಸ ಸತ್ತರೆ ಒಳಗೆ ಹೋದದ್ದೂ ವಾಪಸು ಬರುತ್ತಿತ್ತು.

ಅವನು ಮೊದಲು ಜಾಗ ಸಾಲದೇ ಎಂದು ನೋಡಿದ. ಜಾಗ ಬೇಕಾದಷ್ಟಿತ್ತು. ಫೈಲು ಹರಿದಿದೆಯೇ ಎಂದು ಮೊದಲಿಂದ ಕೊನೆಯವರೆಗೆ ತಾಳೆ ನೋಡಿದ. ಹರಿದಿರಲಿಲ್ಲ. ಕೊನೆಗೆ ಯಂತ್ರ ತನಗಾಗಿ ಬರೆದುಕೊಳ್ಳುವ ದಿನಚರಿಯನ್ನು ತೆರೆದ. ಅಲ್ಲಿತ್ತು ಕಾರಣ. ಆ ದೊಡ್ಡ ಯಂತ್ರದಲ್ಲಿ ಒಂದೊಂದು ಜಿಲ್ಲೆಗೂ ಇಷ್ಟೆಂದು ಮೆಮೊರಿ ಅಳೆದು ಕೊಟ್ಟಿದ್ದರು. ಅಳತೆ ಮೀರಿದ ಕೆಲಸದ ಕತ್ತು ಹಿಚುಕಲು ಒಳಗೇ ಒಬ್ಬ ಕಾವಲುಗಾರ. ಅವನು ಕೇಳುವುದಿಲ್ಲ, ಎಚ್ಚರಿಸುವುದಿಲ್ಲ. ಎಲ್ಯಾಸನ ಜಿಲ್ಲೆಯ ಅಳತೆ ಎರಡು ಗಿಗಾಬೈಟು.

ಎರಡು ಎಂದು ಬರೆದವನು ಎಲ್ಯಾಸನೇ. ಅರ್ಜಿಯಲ್ಲಿ ಎಂಟರ ತನಕ ಕೇಳಬಹುದಿತ್ತು. ಮಾಡಿ ನೋಡಿದಾಗ ಒಂದೂವರೆ ಸಾಕಾಗಿತ್ತು, ಇರಲಿ ಎಂದು ಅರ್ಧ ಸೇರಿಸಿ ಎರಡು ಬರೆದ. ತಟ್ಟೆಯಲ್ಲಿ ಬಿಡುವಷ್ಟು ಬಡಿಸಿಕೊಳ್ಳುವವನು ಕಳ್ಳ ಎಂದು ಅವನ ತಾಯಿ ಹೇಳುತ್ತಿದ್ದಳು. ಆದರೆ ಡಿಸೆಂಬರಿನಲ್ಲಿ ಮೇಲಿನಿಂದ ಆಜ್ಞೆ ಬಂದು, ಹಳೆಯ ಕರೆಗಳ ಧ್ವನಿಯನ್ನೂ ಒಂದೊಂದು ಸಾಲಿಗೆ ಜೋಡಿಸಿದ್ದರು. ಬರಹ ಹಗುರ, ಧ್ವನಿ ಭಾರ. ಅಳತೆಯನ್ನು ತಿದ್ದಬೇಕೆಂಬುದು ಎಲ್ಯಾಸನಿಗೆ ಹೊಳೆದಿರಲಿಲ್ಲ.

ರಾಜಧಾನಿಗೆ ಫೋನು ಮಾಡಿದ. ಅತ್ತಲಿನವನು ಎಳೆಯ ದನಿಯವನು.

"ಅಳತೆ ಹೆಚ್ಚಿಸ್ಬೇಕು ಅಂದ್ರೆ ಅರ್ಜಿ ಹಾಕ್ಬೇಕಲ್ಲ. ಗುರುವಾರ ಸಭೆ ಇದೆ."

"ಇವತ್ತು ಮಂಗಳವಾರ."

"ಹೌದು, ನಮ್ಮಲ್ಲೂ ಮಂಗಳವಾರಾನೇ."

ಎಲ್ಯಾಸ್ ವಂದಿಸಿ ಫೋನಿಟ್ಟ. ದನಿ ಏರಿಸುವುದು ಅವನಿಗೆ ಗೊತ್ತಿರಲಿಲ್ಲ.

"ಥೂ ನಿನ್ನ!" ಎಂದಳು ತುಯಿರೆ. "ವಂದನೆ ಬೇರೆ ಹೇಳ್ತೀಯಲ್ಲೋ ಅವನಿಗೆ! ಬೈದಿದ್ರೆ ಕೊಡ್ತಿದ್ದ. ನಿಮ್ಮ ಪ್ರಾರ್ಥನಾಮನೇಲಿ ಬೈಯೋಕೆ ಯಾರೂ ಕಲಿಸಲ್ವಾ?"

"ಫೈಲು ಒಡೆದು ತುಂಡು ತುಂಡಾಗಿ ಕಳಿಸ್ತೀನಿ. ಒಂದೊಂದು ತುಂಡೂ ಒಳಗೆ ಹೋದ್ಮೇಲೆ ಬೀಗ. ಆಗ ಸತ್ತರೂ ಹಿಂದಿಂದು ಉಳಿಯತ್ತೆ."

"ಮತ್ತೆ ಬೆಳಿಗ್ಗೆಯಿಂದ ಯಾಕೆ ಮಾಡ್ಲಿಲ್ಲ?"

"ಅರ್ಧ ದಾಖಲೆ ಇರಬಾರದು ಅಂತ."

"ಪೂರ್ತಿ ಖಾಲಿಗಿಂತ ಅರ್ಧ ಮೇಲಲ್ವೇನೋ, ಮುದುಕಪ್ಪ!"

ಅದು ನಿಜವಾಗಿತ್ತು. ಒಡೆಯುವ ಮುನ್ನ ಅವನು ಕೆಲಸ ಸಾಯುತ್ತಿದ್ದ ಜಾಗವನ್ನು ಹುಡುಕಿದ. ಹನ್ನೊಂದು ಸಾವಿರ ಚಿಲ್ಲರೆ ಸಾಲು. ಮೂರು ಸಲವೂ ಒಂದೇ ಕಡೆ ಮುಗ್ಗರಿಸಿತ್ತು. ಪರದೆಯನ್ನು ಮೇಲಕ್ಕೆ ಸರಿಸುತ್ತ ಹೋದಂತೆ ಇಪ್ಪತ್ತೇಳು ವರ್ಷದ ನೆತ್ತರು ಕಣ್ಣ ಮುಂದೆ ಹರಿಯಿತು. ಕೆಳದವಡೆ ಎರಡು ಕಡೆ ಮುರಿದಿದೆ. ಸೌನಾದ, ಆ ಹಬೆಸ್ನಾನದ ಕೋಣೆಯ, ಕಾದ ಕಲ್ಲಿಗೆ ಅಂಗೈ ಒತ್ತಿಸಿದ್ದು. ಕೊಡಲಿ ಮೊದಲು ಬಾಗಿಲಿಗೆ, ಆಮೇಲೆ ನಾಯಿಗೆ. ಏಳು ತಿಂಗಳ ಬಸುರಿ, ಮೆಟ್ಟಿಲಿನಿಂದ ದಬ್ಬಿದ್ದು. ಕೂದಲು ನೆತ್ತಿಯ ಚರ್ಮದ ಸಮೇತ. ಓದಬಾರದೆಂದು ಅವನು ರೂಢಿಮಾಡಿಕೊಂಡಿದ್ದ. ಧಾನ್ಯ ಅಳೆಯುವವನು ಕಾಳು ಎಣಿಸುವುದಿಲ್ಲ.

ಮುಗ್ಗರಿಸಿದ ಸಾಲು ಸಿಕ್ಕಿತು. ಇಡೀ ದಾಖಲೆಯಲ್ಲಿ ಅದರಷ್ಟು ಭಾರದ ಸಾಲು ಮತ್ತೊಂದಿರಲಿಲ್ಲ. ಐವತ್ತೆರಡು ನಿಮಿಷದ ಧ್ವನಿ. ಹೆಸರು: ಸೈಮಿ. ಸ್ಥಿತಿ: ರಾಜಿ.

ಸೈಮಿ ಎಲ್ಯಾಸನ ಮಗಳು.

ಮೂರು ವರ್ಷದ ಹಿಂದೆ ಅವಳ ಗಂಡ ರೈಮೊ ಒದ್ದು ಎರಡು ಪಕ್ಕೆಲುಬು ಮುರಿದ. ಮುಂದಿನ ಭಾನುವಾರ ಅವನು ಪ್ರಾರ್ಥನಾಮನೆಯ ನಡುವಿನ ದಾರಿಯಲ್ಲಿ ಎಲ್ಲರೆದುರು ಬಂದು ಮಾವನ ಮುಂದೆ ನಿಂತು, ಕಣ್ಣೀರಿಳಿಸಿ, "ಕ್ಷಮೆ ಸಿಗಬಹುದೇ ನನಗೆ?" ಎಂದು ಕೇಳಿದ. ಅವರಲ್ಲಿ ಪದ್ಧತಿ ಹಾಗೆ. ಕೇಳಿದವನಿಗೆ ಇಲ್ಲ ಎನ್ನುವಂತಿಲ್ಲ. ಅವನ ಕೊರಳಿಗೆ ತೋಳು ಬಳಸಿ, ಪ್ರಭುವಿನ ಹೆಸರಿನಲ್ಲಿ ಪ್ರಭುವಿನ ರಕ್ತದಲ್ಲಿ ಎಲ್ಲವನ್ನೂ ಕ್ಷಮಿಸಲಾಗಿದೆ ಎಂದು ನಂಬು, ಎಂದು ಹೇಳಬೇಕು. ಹೇಳಿದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತುವಂತಿಲ್ಲ. ಕ್ಷಮಿಸಿದ ಪಾಪವನ್ನು ಅಗೆಯುವುದೇ ಪಾಪ. ಎಲ್ಯಾಸ್ ತೋಳು ಬಳಸಿದ, ಮಾತು ಹೇಳಿದ. ಸೈಮಿ ತಂದೆಯ ಮುಖ ನೋಡಿ ಗಂಡನ ಕಾರು ಹತ್ತಿದಳು. ಗುಂಡಿ ಅವಳ ಕೊರಳಲ್ಲೇ ಉಳಿಯಿತು, ದಾಖಲೆಯಲ್ಲಿ ಮಾತ್ರ ಸ್ಥಿತಿ ರಾಜಿ ಎಂದಾಯಿತು. ಹನ್ನೊಂದನೆಯ ವಾರ ರೈಮೊ ಅಡಿಗೆಮನೆಯಲ್ಲಿ ಬರ್ಚ್ ಮರದ ಸೌದೆಯಿಂದ ಅವಳನ್ನು ಹೊಡೆದು ಕೊಂದ. ಗುಂಡಿ ಒತ್ತಿದ್ದಳು. ಗಸ್ತಿನ ಕಾರು ಜಿಲ್ಲೆಯ ಆ ಕೊನೆಯಲ್ಲಿತ್ತು. ಪೆಟ್ಟಿಗೆಯ ಕಿವಿ ತೆರೆದೇ ಇತ್ತು. ಐವತ್ತೆರಡು ನಿಮಿಷವೂ ಕೇಳಿಸಿಕೊಂಡವಳು ತುಯಿರೆ. ಏನು ಕೇಳಿತೆಂದು ಎಲ್ಯಾಸ್ ಯಾವತ್ತೂ ಕೇಳಲಿಲ್ಲ, ಅವಳು ಯಾವತ್ತೂ ಹೇಳಲಿಲ್ಲ. ಸತ್ತವರ ಸಾಲನ್ನು ಅಲ್ಲಿಗೇ ಮುಚ್ಚುವ ರೂಢಿಯಾದ್ದರಿಂದ, ಸ್ಥಿತಿ ಎಂಬ ಕಲಮಿನಲ್ಲಿ ರಾಜಿ ರಾಜಿಯಾಗಿಯೇ ಉಳಿದಿತ್ತು.

ಎಲ್ಯಾಸ್ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಫೈಲನ್ನು ಒಡೆದ. ಯಾವುದು ಮೊದಲು ಹೋಗಬೇಕು ಎಂಬುದಕ್ಕೆ ಅವನು ಹೆಚ್ಚು ಯೋಚಿಸಲಿಲ್ಲ. ನಡೆಯುತ್ತಿರುವ ಪ್ರಕರಣಗಳು ಮೊದಲು. ರಾಜಿಯಾದವರು ಕೊನೆಗೆ. ಬೆಂಕಿ ಹತ್ತಿದ ಮನೆಗೆ ನೀರು ಮೊದಲು, ಆರಿದ ಮನೆಗೆ ಆಮೇಲೆ, ಅದರಲ್ಲಿ ತಪ್ಪೇನು? ತನಗೆ ತಾನೇ ಹೇಳಿಕೊಳ್ಳದ ಇನ್ನೊಂದು ಕಾರಣವೂ ಇತ್ತು. ರಾಜಿಯಾದವರ ನಡುವೆ ಆ ಸಾಲಿತ್ತು. ಅದನ್ನು ಮುಟ್ಟುವ ಹೊತ್ತನ್ನು ಎಷ್ಟು ದೂರ ತಳ್ಳಿದರೆ ಅಷ್ಟು ಒಳ್ಳೆಯದು.

"ತುಯಿರೆ, ಅಷ್ಟರೊಳಗೆ ಹೆಂಗಸರಿಗೆ ಫೋನ್ ಮಾಡಿ ಹೇಳು. ಇವತ್ತು ಗುಂಡಿ ನಂಬಬೇಡಿ, ನೇರವಾಗಿ ಕರೆ ಮಾಡಿ ಅನ್ನು."

"ಎಲ್ಲರಿಗೂನಾ?"

"ನಡೀತಿರೋ ಪ್ರಕರಣದೋರಿಗೆ. ರಾಜಿಯಾದೋರನ್ನ ಯಾಕೆ ಹೆದರಿಸೋದು?"

ತುಯಿರೆ ಅವನನ್ನೊಮ್ಮೆ ನೋಡಿ ಫೋನೆತ್ತಿಕೊಂಡಳು.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮೊದಲ ತುಂಡು ಒಳಗೆ ಹೋಯಿತು. ಆಮೇಲೆ ಎರಡನೆಯದು, ಮೂರನೆಯದು. ಮೆಮೊರಿ ಎರಡರ ಗೆರೆಯ ಹತ್ತಿರ ಹೋಗಿ, ಮುಟ್ಟದೆ, ಇಳಿಯುತ್ತಿತ್ತು. ನದಿಯ ಮೇಲೆ ಬೆಳಕು ಆಗಲೇ ಕಂದತೊಡಗಿತ್ತು. ಎರಡಕ್ಕೆ ಹತ್ತು ನಿಮಿಷವಿರುವಾಗ ನಡೆಯುತ್ತಿರುವ ಪ್ರಕರಣಗಳೆಲ್ಲ ಒಳಗೆ ಸೇರಿದವು. ರಾಜಿಯಾದವರ ಮೊದಲ ತುಂಡನ್ನು ಎಲ್ಯಾಸ್ ಹಚ್ಚಿದ. ಮೆಮೊರಿ ಏರಿತು, ಏರಿತು. ಕೊಲ್ಲಲಾಯಿತು.

"ಕಾಫಿ ಕುಡಿ," ಎಂದಳು ತುಯಿರೆ. "ಮುಖ ಸತ್ತ ಮೀನಿನ ಥರ ಆಗಿದೆ."

ಆಗಲೇ ಗಂಟೆ ಬಾರಿಸಿದ್ದು.

ತುಯಿರೆಯ ಪರದೆಯ ಮೇಲೆ ಕೆಂಪು ಚೌಕ ಎದ್ದಿತು. ಅದರಲ್ಲಿ ಹೆಸರಿರಬೇಕಾದಲ್ಲಿ ಬಿಳುಪು, ಊರಿರಬೇಕಾದಲ್ಲಿ ಬಿಳುಪು. ಕೆಳಗೆ ಒಂದು ಸಂಖ್ಯೆ: 4417. ಪೆಟ್ಟಿಗೆಯ ಕಿವಿ ತೆರೆಯಿತು.

ಮೊದಲು ಕೇಳಿದ್ದು ಕುರ್ಚಿ ಉರುಳಿದ ಸದ್ದು. ಆಮೇಲೆ ಉಸಿರು, ಓಡಿ ಬಂದವರ ಉಸಿರಲ್ಲ, ನೀರಿನಿಂದ ಮೇಲೆದ್ದವರ ಉಸಿರು. ಆಮೇಲೆ ಮಾಂಸದ ಮೇಲೆ ಬೀಳುವ ಪೆಟ್ಟು. ಹಸಿ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಒಂದರ ಹಿಂದೊಂದು.

"ಯಾರಿಗೆ ಹೇಳ್ದೆ? ಹೇಳು, ಯಾರಿಗೆ ಹೇಳ್ದೆ?" ಗಂಡಸಿನ ದನಿ.

"ಯಾರಿಗೂ ಇಲ್ಲ, ಯಾರಿಗೂ ಇಲ್ಲ, ಯಾರಿಗೂ..."

"ಎಲ್ಯಾಸ್!" ತುಯಿರೆ ಕೂಗಿದಳು. "ಇದು ಎಲ್ಲಿ? ಎಲ್ಲಿ ಇದು?" ಆಮೇಲೆ ಮೈಕಿನ ಕಡೆ ಬಾಗಿ, "ಅಮ್ಮಾ, ಕೇಳ್ತಿದೀನಿ, ಎಲ್ಲಿದೀಯ ಹೇಳು, ಬೀದಿ ಹೆಸರು ಹೇಳು!"

ಉತ್ತರವಾಗಿ ಹಲ್ಲೋ ಗಾಜೋ ಪುಡಿಯಾದ ಸದ್ದು ಬಂತು.

ಎಲ್ಯಾಸನ ಕೈ ಇನ್ನೂ ತುಂಬಿಸುವ ಕೆಲಸದ ಮೇಲಿತ್ತು. ತುಂಡನ್ನು ಇನ್ನೂ ಸಣ್ಣದಾಗಿ ಒಡೆದರೆ, ಧ್ವನಿಯನ್ನು ಬೇರೆ ಮಾಡಿದರೆ, ಐದು ನಿಮಿಷದಲ್ಲಿ ಒಳಗೆ ಹೋಗಬಹುದು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಬೆರಳು ಅದನ್ನೇ ಬೆರಳಚ್ಚಿಸತೊಡಗಿತ್ತು.

"ಏನ್ ಮಾಡ್ತಿದೀಯೋ! ಫೈಲು ನಿನ್ ಹತ್ರಾನೇ ಇದೆಯಲ್ಲೋ! ಅದು ಬರೀ ಬರಹ ತಾನೆ? ಹುಡುಕೋ!"

ಹೌದು. ದಾಖಲೆ ಯಂತ್ರದೊಳಗೆ ಹೋಗದಿದ್ದರೇನು, ಅಕ್ಷರವಾಗಿ ಅವನ ಮುಂದೆಯೇ ಇತ್ತು. ಇಡೀ ಬೆಳಿಗ್ಗೆ ಬಾವಿಯ ಪಕ್ಕ ಕೂತು ಕೊಡಕ್ಕೆ ತೂತೆಂದು ಅಳುತ್ತಿದ್ದ. ಸಂಖ್ಯೆ ಕೊಟ್ಟು ಹುಡುಕಿದ. ಎರಡು ಕ್ಷಣ. 4417. ಮಿರ್ವಾ. ಗಿರಣಿ ರಸ್ತೆ, ಒಂಬತ್ತನೆಯ ಮನೆ. ಗಂಡ: ಸಕಾರಿ. ಸ್ಥಿತಿ: ರಾಜಿ.

ಅವನಿಗೆ ಅವರಿಬ್ಬರೂ ಗೊತ್ತು. ಪ್ರಾರ್ಥನಾಮನೆಯವರು. ಸಕಾರಿ ಮರದ ದಿಮ್ಮಿ ಹೊರುವ ಲಾರಿ ಓಡಿಸುತ್ತಾನೆ. ನವೆಂಬರಿನಲ್ಲಿ ಮಿರ್ವಾಳ ಮಣಿಕಟ್ಟು ಮುರಿದು, ಮುಂದಿನ ಭಾನುವಾರ ನಡುವಿನ ದಾರಿಯಲ್ಲಿ ನಿಂತು ಅತ್ತವನು. ಮಿರ್ವಾ ಚಿಕ್ಕಂದಿನಿಂದ ಎಲ್ಯಾಸನನ್ನು ದೊಡ್ಡಪ್ಪ ಎನ್ನುತ್ತಿದ್ದಳು.

"ಗಸ್ತು ಎಲ್ಲಿದೆ?"

"ಹೆದ್ದಾರೀಲಿ. ಲಾರಿಗೆ ಹಿಮಸಾರಂಗ ಸಿಕ್ಕಿದೆ, ಕೆಳಗಿನ ಅಗ್ನಿಶಾಮಕದೋರೂ ಅಲ್ಲೇ. ನಲವತ್ತು ನಿಮಿಷ." ತುಯಿರೆಯ ಕಣ್ಣಲ್ಲಿ ಐವತ್ತೆರಡು ನಿಮಿಷ ಕಾಣುತ್ತಿತ್ತು. "ಇನ್ನೊಂದ್ಸಲ ನನ್ನ ಕೈಲಾಗಲ್ಲ, ಎಲ್ಯಾಸ್. ಇನ್ನೊಂದ್ಸಲ ಕೇಳ್ತಾ ಕೂರೋಕಾಗಲ್ಲ."

"ರಾಜಿಯಾದೋರಿಗೆಲ್ಲ ಫೋನ್ ಮಾಡು," ಎಂದ ಎಲ್ಯಾಸ್. "ಪಟ್ಟಿ ಪರದೆ ಮೇಲಿದೆ. ಈಗ್ಲೇ." ಕೋಟನ್ನೂ ಹಾಕಿಕೊಳ್ಳದೆ ಮೆಟ್ಟಿಲಿಳಿದ.

ಸೇತುವೆ ದಾಟಿದರೆ ಗಿರಣಿ ರಸ್ತೆ. ಕಾರಿನಲ್ಲಿ ಆರು ನಿಮಿಷದ ದಾರಿಯನ್ನು ಅವನು ನಾಲ್ಕರಲ್ಲಿ ಮುಗಿಸಿದ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಕಾರಿನ ಹಿಂಭಾಗದಲ್ಲಿ ನದಿಯ ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ಉದ್ದ ಹಾರೆ ಇತ್ತು, ಶನಿವಾರದಿಂದ ತೆಗೆದಿರಲಿಲ್ಲ. ಅದನ್ನು ಎಳೆದುಕೊಂಡಾಗ ಚಳಿಗೆ ಕೊರೆಯುವ ಕಬ್ಬಿಣ ಬರಿಗೈಗೆ ಅಂಟಿ ಚರ್ಮ ಸುಲಿಯಿತು. ಅವನಿಗೆ ತಿಳಿಯಲಿಲ್ಲ.

ಮೆಟ್ಟಿಲ ಮೇಲಿನ ಹಿಮದಲ್ಲಿ ನೆತ್ತರು ಚೆಲ್ಲಿ ಚುಕ್ಕೆ ಚುಕ್ಕೆಯಾಗಿತ್ತು. ಅವಳು ಒಮ್ಮೆ ಹೊರಗೆ ಬಂದಿದ್ದಳು. ಒಳಕ್ಕೆ ಎಳೆದುಕೊಂಡು ಹೋದ ಗುರುತು ಬಾಗಿಲವರೆಗೂ ಇತ್ತು. ಹೊಸ್ತಿಲಿನ ಮರದಲ್ಲಿ ಒಂದು ಮುರಿದ ಉಗುರು ನಿಂತಿತ್ತು.

ಅಡಿಗೆಮನೆಯಲ್ಲಿ ಸಕಾರಿ ಅವಳ ಮೇಲೆ ಒಂದು ಮಂಡಿ ಊರಿ ಕೂತಿದ್ದ. ಗೋಡೆಯಿಂದ ಕಿತ್ತ ಪೆಟ್ಟಿಗೆ ಅವನ ಕೈಯಲ್ಲಿತ್ತು, ತಂತಿ ಬಾಲದಂತೆ ನೇತಾಡುತ್ತಿತ್ತು. ಸಹಾಯ ಕರೆಯಲೆಂದು ಕೊಟ್ಟ ಪೆಟ್ಟಿಗೆಯಿಂದಲೇ ಅವಳ ಮುಖವನ್ನು ಜಜ್ಜುತ್ತಿದ್ದ. ಎತ್ತುತ್ತಿದ್ದ, ಇಳಿಸುತ್ತಿದ್ದ. ಆತುರವಿರಲಿಲ್ಲ. ಸೌದೆ ಒಡೆಯುವವನ ನಿಧಾನ. ಮಿರ್ವಾಳ ಒಂದು ಕಣ್ಣು ಊದಿ ಮುಚ್ಚಿತ್ತು. ಕಿವಿ ಅರ್ಧ ಹರಿದು ಕೆನ್ನೆಯ ಮೇಲೆ ಜೋತಿತ್ತು. ಬಾಯಿ ಮಾತಿಗಾಗಿ ತೆರೆದು ನೆತ್ತರಿನ ಗುಳ್ಳೆ ಮಾತ್ರ ಬಿಡುತ್ತಿತ್ತು. ಒಲೆಯ ಮೇಲೆ ಮೀನಿನ ಸಾರು ಉಕ್ಕಿ ಸೀಯುತ್ತಿತ್ತು.

ಎಲ್ಯಾಸ್ ಕೂಗಲಿಲ್ಲ. ಎತ್ತಿದ ಕೈ ಇಳಿಯುವ ಮುನ್ನ ಹಾರೆಯನ್ನು ಬೀಸಿದ. ಮುಂದೋಳಿನ ಎಲುಬು ಮುರಿದ ಸದ್ದು ಕೋಣೆಗೆಲ್ಲ ಕೇಳಿಸಿತು. ಪೆಟ್ಟಿಗೆ ಹಾರಿ ಕಿಟಕಿಗೆ ಬಡಿಯಿತು. ಸಕಾರಿ ತಿರುಗಿ, ಯಾರೆಂದು ಅರಿಯುವ ಮೊದಲೇ ಮೇಲೆ ಬಿದ್ದ. ಗಾಣದ ಎತ್ತಿನಂಥ ಮೈ. ಇಬ್ಬರೂ ಮೇಜಿನ ಸಮೇತ ಉರುಳಿದರು. ಸಕಾರಿಯ ಮುರಿಯದ ಕೈ ಮುದುಕನ ಗಂಟಲಿಗೆ ಬಂತು, ಹೆಬ್ಬೆರಳು ಗಂಟಲಮಣಿಯನ್ನು ಒತ್ತಿತು. ಎಲ್ಯಾಸನ ಕಣ್ಣಿಗೆ ಕತ್ತಲೆ ಕವಿಯಿತು. ಆ ಕತ್ತಲೆಯಲ್ಲಿ ಅವನಿಗೆ ಮಗಳ ಅಡಿಗೆಮನೆ ಕಂಡಿತು, ತಾನು ಎಂದೂ ನೋಡದ, ಎಂದೂ ಕೇಳದ ಅಡಿಗೆಮನೆ. ಅವನು ಆ ಕೈಯನ್ನು ಬಾಯವರೆಗೆ ಕಿತ್ತೆಳೆದು, ಹಲ್ಲಿನಿಂದ ಹೆಬ್ಬೆರಳನ್ನು ಕಚ್ಚಿ ಎಲುಬು ಸಿಗುವ ತನಕ ಬಿಡಲಿಲ್ಲ. ಸಕಾರಿ ಅರಚಿ ಹಿಂದೆ ಸರಿದ. ಹಾರೆ ಮತ್ತೆ ಕೈಗೆ ಸಿಕ್ಕಿತು. ಎರಡನೆಯ ಏಟು ಮಂಡಿಯ ಚಿಪ್ಪಿಗೆ. ಸಕಾರಿ ಕುಸಿದು ಒಲೆಯ ಬದಿಗೆ ಬಿದ್ದ.

ಮೂರನೆಯದಕ್ಕೆ ಎಲ್ಯಾಸ್ ಹಾರೆಯನ್ನು ಎರಡೂ ಕೈಯಿಂದ ನೇರವಾಗಿ ಮೇಲೆತ್ತಿದ, ನದಿಯ ಗಡ್ಡೆ ಒಡೆಯಲು ಎತ್ತುವ ಹಾಗೆ. ಕೆಳಗಿದ್ದದ್ದು ಸಕಾರಿಯ ನೆತ್ತಿ.

"ಸಹೋದರ ಎಲ್ಯಾಸ್," ಎಂದ ಸಕಾರಿ. ದನಿ ಒಮ್ಮೆಗೇ ಮೆತ್ತಗಾಗಿತ್ತು, ಭಾನುವಾರದ ದನಿ. "ಸಹೋದರ ಎಲ್ಯಾಸ್, ನಾನು ಪಾಪಿ. ಕ್ಷಮೆ ಸಿಗಬಹುದೇ ನನಗೆ?"

ಎಲ್ಯಾಸನ ಬಲಗೈ ಹಾರೆಯನ್ನು ಬಿಟ್ಟಿತು. ಅವನು ಬಿಡಿಸಿದ್ದಲ್ಲ. ಅರವತ್ತು ವರ್ಷದ ರೂಢಿ ಕೈಯನ್ನು ತಾನಾಗಿ ಮುಂದಕ್ಕೆ ಒಯ್ಯುತ್ತಿತ್ತು, ಕೊರಳ ಕಡೆಗೆ, ಬಳಸಲೆಂದು. ತನ್ನ ಕೈ ಹೋಗುವುದನ್ನು ಅವನು ಬೇರೆಯವರ ಕೈ ನೋಡುವಂತೆ ನೋಡಿದ. ಎಡಗೈಯಲ್ಲಿ ಹಾರೆ ಇನ್ನೂ ಎತ್ತಿಯೇ ಇತ್ತು.

"ದೊಡ್ಡಪ್ಪ."

ಮಿರ್ವಾ ಮೊಳಕೈ ಊರಿ ಎದ್ದಿದ್ದಳು. ಒಂದೊಂದು ಮಾತಿಗೂ ನೆತ್ತರು ಉಗುಳುತ್ತಿದ್ದಳು.

"ಹೊಡೀಬೇಡಿ ದೊಡ್ಡಪ್ಪ. ಕ್ಷಮಿಸ್ಲೂ ಬೇಡಿ."

ಎಲ್ಯಾಸ್ ಎರಡು ಕೈಯನ್ನೂ ಇಳಿಸಿದ.

ಒಲೆ ಆರಿಸಿದ. ಒಂದು ಒಗೆದ ವಸ್ತ್ರವನ್ನು ಮಡಿಸಿ ಅವಳ ಕಿವಿಗೆ ಒತ್ತಿ, ಅವಳದೇ ಕೈಯನ್ನು ಅದರ ಮೇಲಿಟ್ಟ. ಬಿದ್ದ ಕುರ್ಚಿಯನ್ನು ಎತ್ತಿ ಇಬ್ಬರ ನಡುವೆ ಹಾಕಿ, ಗಂಡನ ಕಡೆ ಮುಖ ಮಾಡಿ, ಹಾರೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತ.

ಸಕಾರಿ ಇನ್ನೊಂದು ಸಲ ಕೇಳಿದ. ಅತ್ತು ಕೇಳಿದ. ಮೂರನೆಯ ಸಲ ದನಿ ಬದಲಾಯಿತು.

"ಕೊಡಲೇಬೇಕು ನೀನು. ಕೇಳಿದೋನಿಗೆ ಇಲ್ಲ ಅನ್ನೋ ಹಾಗಿಲ್ಲ. ನಿನ್ನ ಮಗಳನ್ನ ಹೊಡೆದೋನಿಗೆ ಕೊಟ್ಟೆಯಲ್ಲೋ, ಎಲ್ಲರೆದುರು ಕೊಟ್ಟೆ! ನನಗ್ಯಾಕಿಲ್ಲ?"

"ಕೊಟ್ಟೆ," ಎಂದ ಎಲ್ಯಾಸ್. "ಅದಕ್ಕೇ ಅವಳಿಲ್ಲ."

"ನರಕಕ್ಕೆ ಹೋಗ್ತೀಯ."

"ಅದು ನನಗೂ ದೇವರಿಗೂ ಬಿಟ್ಟಿದ್ದು. ನಿನ್ನ ಕ್ಷಮೆ ಅವನ ಹತ್ರ ಕೇಳು. ನನ್ನ ಹತ್ರ ಇರೋದು ದಾಖಲೆ ಮಾತ್ರ."

ಸಕಾರಿಯ ಹಲ್ಲು ಕಟಕಟಿಸುತ್ತಿತ್ತು. ಬೆನ್ನ ಹಿಂದೆ ಮಿರ್ವಾ ಉಸಿರೆಳೆಯುವುದನ್ನು ಎಲ್ಯಾಸ್ ಒಂದೊಂದಾಗಿ ಕೇಳಿಸಿಕೊಂಡ. ಗಸ್ತು ಬರಲು ಮೂವತ್ತೊಂದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಆ ಉಸಿರು ನಿಲ್ಲಲಿಲ್ಲ.

ಗಸ್ತಿನವರು ಅವನ ಹೇಳಿಕೆಯನ್ನೂ ಬರೆದುಕೊಂಡರು, ಹಾರೆಯನ್ನೂ ತೆಗೆದುಕೊಂಡರು. ಮರುದಿನ ವಿಚಾರಣೆಗೆ ಬಾ ಎಂದರು. ಬರುತ್ತೇನೆ ಎಂದ. ಆಂಬುಲೆನ್ಸಿಗೆ ಎತ್ತುವಾಗ ಮಿರ್ವಾ ಅವನ ತೋಳನ್ನು ಹಿಡಿದಳು. ಕಣ್ಣು ಉಳಿಯುತ್ತದೆ, ಕಿವಿ ಹೊಲಿಯಬಹುದು ಎಂದು ಜೊತೆಗೆ ಬಂದ ದಾದಿ ಹೇಳಿದಳು.

ಅವನು ಕೋಣೆಗೆ ಮರಳಿದಾಗ ಮೂರೂವರೆ. ತುಯಿರೆ ಫೋನಿನಲ್ಲಿದ್ದಳು. ಅವನ ಅಂಗಿ, ಗಂಟಲ ಮೇಲಿನ ಬೆರಳ ಗುರುತು, ತುಟಿಯ ಮೇಲೆ ಒಣಗಿದ ನೆತ್ತರು ನೋಡಿ ಬಾಯಿ ತೆರೆದಳು.

"ಬದುಕಿದಾಳೆ," ಎಂದ ಎಲ್ಯಾಸ್.

ತುಯಿರೆ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ಮೂಗೊರೆಸಿಕೊಂಡು, "ರಾಜಿಯಾದೋರಲ್ಲಿ ಅರವತ್ತು ಜನಕ್ಕೆ ಫೋನ್ ಮಾಡ್ದೆ. ಗೊತ್ತಾ? ಹದಿನಾಲ್ಕು ಜನ, ಮನೆಗೊಂದ್ಸಲ ಬಂದು ಹೋಗಿ ಅಂದ್ರು," ಎಂದಳು.

ಎಲ್ಯಾಸ್ ನಿಂತೇ ರಾಜಧಾನಿಗೆ ಫೋನು ಮಾಡಿದ. ಅದೇ ಎಳೆಯ ದನಿ.

"ಅರ್ಜಿ ಹಾಕಿದ್ರಾ? ಗುರುವಾರ..."

"ಕೇಳೋ ಇಲ್ಲಿ!" ಆ ಕೂಗಿಗೆ ಕೆಳಗಿನ ಅಂತಸ್ತಿನಲ್ಲಿ, ಹೆದ್ದಾರಿಯಿಂದ ಮರಳಿದ್ದ ಅಗ್ನಿಶಾಮಕದವರು ಇಸ್ಪೀಟು ನಿಲ್ಲಿಸಿ ಮೇಲೆ ನೋಡಿದರು. "ಎಂಟು ಕೊಡು. ಈಗ. ನಾನು ಎರಡು ಅಂತ ಬರೆದೆ, ಅದು ನನ್ನ ತಪ್ಪು, ಆ ತಪ್ಪಿನ ನೆತ್ತರು ನನ್ನ ಅಂಗಿ ಮೇಲಿದೆ. ನೀನು ಗುರುವಾರದ ತನಕ ಕೂತ್ರೆ ಮುಂದಿನ ನೆತ್ತರು ನಿನ್ನ ಅಂಗಿ ಮೇಲೆ. ನಿನ್ನ ಹೆಸರೇನು? ಹೇಳು, ಬರ್ಕೋತೀನಿ."

ನಾಲ್ಕು ನಿಮಿಷದಲ್ಲಿ ಅಳತೆ ಎಂಟಾಯಿತು.

ಎಲ್ಯಾಸ್ ಉಳಿದ ತುಂಡುಗಳನ್ನು ಹಚ್ಚಿದ. ಈಗ ಕುರ್ಚಿಯಲ್ಲಿ ಕೂತು ಸಾಲುಗಳು ಒಳಗೆ ಹೋಗುವುದನ್ನು ನೋಡಿದ, ಓದಿದ. ಮೆಮೊರಿ ಎರಡನ್ನು ದಾಟಿತು, ಮೂರರ ಹತ್ತಿರ ಹೋಯಿತು, ಒಂದು ಸಾಲಿನ ಬಳಿ ಅಲ್ಲಿಯೇ ನಿಂತಿತು. ಸುಲಿದ ಅಂಗೈಯನ್ನು ಮೇಜಿನ ಮೇಲೆ ಒತ್ತಿಕೊಂಡು ಅವನು ಕಾದ. ಮೆಮೊರಿ ಇಳಿಯಿತು. ಮುಂದಿನ ಸಾಲು ಹೋಯಿತು.

"ಬಂತಾ ಅದು? ನಿನ್ನ ಪರದೇಲಿ ನೋಡು," ಎಂದ.

ತುಯಿರೆ ನೋಡಿದಳು. "ಬಂತು. ಐವತ್ತೆರಡು ನಿಮಿಷಾನೂ ಇದೆ."

"ಸ್ಥಿತಿ ಏನಿದೆ?"

"ಗೊತ್ತಲ್ಲ ನಿನಗೆ."

"ದಾಖಲೆ ಕಾಯೋನು ಒಂದಕ್ಷರ ತಿದ್ದೋ ಹಾಗಿಲ್ಲ. ನಿನಗೆ ಅಧಿಕಾರ ಇದೆ. ಅವತ್ತು ಕೇಳಿಸ್ಕೊಂಡೋಳು ನೀನು. ಏನು ಕೇಳಿದ್ಯೋ ಅದನ್ನ ಬರಿ."

ತುಯಿರೆ ಅವನ ಮುಖ ನೋಡಲಿಲ್ಲ. ರಾಜಿ ಎಂಬುದನ್ನು ಅಳಿಸಿದಳು. ಆ ಜಾಗದಲ್ಲಿ ಕೊಲೆ ಎಂದು ಬರೆದಳು. ಆಮೇಲೆ ಮಿರ್ವಾಳ ಸಾಲನ್ನು ತೆರೆದು, ಅಲ್ಲಿಯ ರಾಜಿಯನ್ನೂ ಅಳಿಸಿ, ನಡೆಯುತ್ತಿದೆ ಎಂದು ಬರೆದಳು.

"ಮುಂದಿನದು?" ಎಂದಳು.

"ಆ ಹದಿನಾಲ್ಕು ಜನ ಯಾರ್ಯಾರು ಹೇಳು," ಎಂದ ಎಲ್ಯಾಸ್, ಕುರ್ಚಿಯನ್ನು ಅವಳ ಮೇಜಿನ ಹತ್ತಿರಕ್ಕೆ ಎಳೆದುಕೊಂಡು.